ಕಾಫಿ ಇಲ್ಲದ ಊರಿನ ಖುಷಿ: ಮಾರ್ಮನ್ನರ ಬದುಕಿನ ಮೋಜಿನ ಮುಖ

ಅಮೆರಿಕದ ಯೂಟಾ ರಾಜ್ಯದಲ್ಲಿ ಸ್ಪ್ಯಾನಿಷ್ ಫೋರ್ಕ್ ಅಂತ ಒಂದು ಊರಿದೆ. ಅಲ್ಲೊಂದು ರಾಧಾಕೃಷ್ಣರ ದೇವಸ್ಥಾನ. ಬಿಳಿ ಗುಮ್ಮಟ, ಕಮಾನುಗಳು, ಹಿಂದೆ ಹಿಮ ಹೊತ್ತ ಬೆಟ್ಟಗಳು, ಅಂಗಳದಾಚೆ ಮೇಯುವ ಲಾಮಾ ಪ್ರಾಣಿಗಳು. ಮಾರ್ಚ್ ಕೊನೆಯ ಹೊತ್ತಿಗೆ ಇಲ್ಲಿ ಹೋಳಿ ನಡೆಯುತ್ತದೆ. ಹತ್ತಾರು ಸಾವಿರ ಜನ ಸೇರುತ್ತಾರೆ. ಗಂಟೆಗೊಮ್ಮೆ ಎಲ್ಲರೂ ಒಟ್ಟಿಗೆ ಎಣಿಸಿ ಬಣ್ಣ ಎರಚಿದರೆ ಆಕಾಶವೇ ಕಾಣುವುದಿಲ್ಲ.

ಬಂದವರಲ್ಲಿ ಭಾರತೀಯರು ಕಡಿಮೆ. ಪಕ್ಕದ ಪ್ರೋವೊ ಊರಿನಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರೇ ಜಾಸ್ತಿ, ಅಂದರೆ ಮಾರ್ಮನ್ನರು ಅನ್ನುವ ಕ್ರೈಸ್ತ ಪಂಥದವರು. ಈ ದೇವಸ್ಥಾನ ಕಟ್ಟುವಾಗ ಮಾರ್ಮನ್ ಚರ್ಚ್ 25,000 ಡಾಲರ್ ದೇಣಿಗೆ ಕೊಟ್ಟಿತ್ತು, ಕೆಲಸಕ್ಕೆ ಕೈಜೋಡಿಸಲು ಮಾರ್ಮನ್ ಸ್ವಯಂಸೇವಕರೂ ಬಂದಿದ್ದರು. ಇಷ್ಟು ದೊಡ್ಡ ಗುಂಪು ಸೇರುವ ಹಬ್ಬದಲ್ಲಿ ಒಂದು ಬಾಟಲಿ ಬೀರೂ ಇರುವುದಿಲ್ಲ. ಕೃಷ್ಣಭಕ್ತರೂ ಕುಡಿಯುವುದಿಲ್ಲ, ಮಾರ್ಮನ್ನರೂ ಕುಡಿಯುವುದಿಲ್ಲ. ಜೋಡಿ ಚೆನ್ನಾಗಿದೆ ಅಲ್ವಾ?

ಮಾರ್ಮನ್ನರು ಅಂದ ಕೂಡಲೇ ನಮಗೆ ನೆನಪಾಗುವುದು ಎರಡು ವಿಷಯ. ಒಂದು ಹಳೆಯ ಕಾಲದ ಬಹುಪತ್ನಿತ್ವ, ಇನ್ನೊಂದು ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಪಟ್ಟಿ ಹಾಕಿಕೊಂಡು ಜೋಡಿಯಾಗಿ ಓಡಾಡುವ ಹುಡುಗರು. ಕಟ್ಟುನಿಟ್ಟಿನ, ನಗು ಮರೆತ ಜನ ಇರಬೇಕು ಅಂತ ಅನ್ನಿಸಿಬಿಡುತ್ತದೆ. ಆದರೆ ಅವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕಾಣುವುದು ಹಾಡು, ಕುಣಿತ, ಬಾಸ್ಕೆಟ್‌ಬಾಲ್, ಸಿಹಿತಿಂಡಿ, ಮಕ್ಕಳ ಗದ್ದಲ. ಇಷ್ಟೊಂದು ‘ಬೇಡ’ಗಳ ನಡುವೆ ಇಷ್ಟು ಮೋಜು ಎಲ್ಲಿಂದ ಬಂತು? ನನಗೆ ತಿಳಿದ ಮಟ್ಟಿಗೆ ಉತ್ತರ ಸರಳ. ಹೊರಗೆ ಸಿಗುವ ಮೋಜಿನ ಬಾಗಿಲು ಹಲವು ಮುಚ್ಚಿದ್ದವು, ಹಾಗಾಗಿ ಅವರು ಮೋಜನ್ನು ಮನೆಯಲ್ಲೇ, ಕೇರಿಯಲ್ಲೇ, ಕೈಯಾರೆ ಮಾಡಿಕೊಳ್ಳಲು ಕಲಿತರು. ಮನೆಯಡುಗೆಯ ಹಾಗೆ.

ಮೊದಲು ಇವರು ಯಾರು ಅಂತ ಹೇಳಿಬಿಡುತ್ತೇನೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಯುವಕ ಶುರು ಮಾಡಿದ ಕ್ರೈಸ್ತ ಪಂಥ ಇದು. ಹೋದಲ್ಲೆಲ್ಲ ಅಕ್ಕಪಕ್ಕದವರ ಜೊತೆ ಜಗಳ, ಹೊಡೆದಾಟ. 1844ರಲ್ಲಿ ಸ್ಮಿತ್‌ನನ್ನು ಗುಂಪೊಂದು ಕೊಂದಿತು. ಆಮೇಲೆ ಬ್ರಿಗಮ್ ಯಂಗ್ ಮುಂದಾಳಾಗಿ ಜನರನ್ನು ಎತ್ತಿನ ಬಂಡಿಗಳಲ್ಲಿ ಪಶ್ಚಿಮಕ್ಕೆ ಕರೆದುಕೊಂಡು ಹೊರಟ. 1847ರ ಜುಲೈ 24ಕ್ಕೆ ಆತ ಸಾಲ್ಟ್ ಲೇಕ್ ಕಣಿವೆಗೆ ಬಂದು ಸೇರಿದ. ಇವತ್ತು ಜಗತ್ತಿನಲ್ಲಿ ಇವರ ಸದಸ್ಯರ ಸಂಖ್ಯೆ 1.7 ಕೋಟಿಗೂ ಹೆಚ್ಚು. ಪಂಥದ ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್’. 2018ರಿಂದ ‘ಮಾರ್ಮನ್’ ಅನ್ನಬೇಡಿ, ಪೂರ್ತಿ ಹೆಸರು ಹೇಳಿ ಅಂತ ಚರ್ಚ್‌ನವರೇ ಕೇಳಿಕೊಂಡಿದ್ದಾರೆ. ಇಲ್ಲಿ ನಾನು ಮಾತಾಡುತ್ತಿರುವುದು ಸಂಸ್ಕೃತಿಯ ಬಗ್ಗೆ. ಓದುವವರಿಗೆ ಗೊತ್ತಿರುವ ಹೆಸರು ಅದೊಂದೇ ಅಂತ ಅದನ್ನೇ ಬಳಸುತ್ತಿದ್ದೇನೆ.

ಈಗ ‘ಬೇಡ’ಗಳ ವಿಷಯ. 1833ರಲ್ಲಿ ಜೋಸೆಫ್ ಸ್ಮಿತ್ ಕೊಟ್ಟ ಒಂದು ಉಪದೇಶವಿದೆ. ಹೆಂಡ ಬೇಡ, ಹೊಗೆಸೊಪ್ಪು ಬೇಡ, ‘ಬಿಸಿ ಪಾನೀಯ’ ಬೇಡ. ಬಿಸಿ ಪಾನೀಯ ಅಂದರೆ ಕಾಫಿ ಮತ್ತು ಟೀ ಅಂತ ಹಿರಿಯರು ಅರ್ಥ ಹೇಳಿದರು. ಹಾಗಾಗಿ ತಣ್ಣಗಿನ ಕಾಫಿಯೂ ಇಲ್ಲ. ಬೆಳಿಗ್ಗೆ ಎದ್ದು ಫಿಲ್ಟರ್ ಕಾಫಿ ಇಲ್ಲದೆ ಬಾಯಿ ಬಿಡದ ನಮಗೆ ಇದು ಶಿಕ್ಷೆಯ ಹಾಗೆ ಕೇಳಿಸುತ್ತದೆ. ಆದರೆ ಬಿಸಿ ಚಾಕೊಲೇಟ್ ಕುಡಿಯಬಹುದು. ಸೋಡಾಕ್ಕೂ ತಡೆ ಇಲ್ಲ. ಕೋಲಾದಲ್ಲಿ ಕೆಫೀನ್ ಇದೆಯಲ್ಲ, ಅದು ಸರಿಯಾ ಅಂತ ಬಹಳ ವರ್ಷ ಮನೆಮನೆಯಲ್ಲಿ ವಾದ ನಡೆದಿತ್ತು. 2012ರಲ್ಲಿ ಚರ್ಚ್ ಕೆಫೀನ್ ಮೇಲೆ ನಿಷೇಧ ಇಲ್ಲ ಅಂತ ಸ್ಪಷ್ಟ ಮಾಡಿತು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಆವರಣದೊಳಗೆ ಕೆಫೀನ್ ಇರುವ ಕೋಲಾ ಬರಲು 2017ರ ತನಕ ಕಾಯಬೇಕಾಯಿತು. ಆ ದಿನ ವಿದ್ಯಾರ್ಥಿಗಳಿಗೆ ಆದ ಸಂತೋಷ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಆ ಸಣ್ಣ ಅವಕಾಶದೊಳಗೆ ಇವರು ಒಂದು ಇಡೀ ಸೋಡಾ ಲೋಕವನ್ನೇ ಕಟ್ಟಿದ್ದಾರೆ. 2010ರಲ್ಲಿ ಯೂಟಾದ ಸೇಂಟ್ ಜಾರ್ಜ್ ಊರಿನಲ್ಲಿ ‘ಸ್ವಿಗ್’ ಅನ್ನುವ ಪುಟ್ಟ ಅಂಗಡಿ ಶುರುವಾಯಿತು. ಕಾರಿನಲ್ಲಿ ಕೂತೇ ಕೊಳ್ಳಬಹುದು. ಅಲ್ಲಿ ಸಿಗುವುದು ‘ಡರ್ಟಿ ಸೋಡಾ’. ಗ್ಲಾಸಿನ ತುಂಬ ಐಸು, ಅದರ ಮೇಲೆ ಕೋಲಾ, ತೆಂಗಿನಕಾಯಿ ಸಿರಪ್, ಒಂದಿಷ್ಟು ನಿಂಬೆರಸ, ಬೇಕಾದರೆ ತೆಳ್ಳನೆಯ ಕೆನೆ. ಹೆಸರು ‘ಕೊಳಕು ಸೋಡಾ’ ಆದರೂ ರುಚಿ ಮಜವಾಗಿದೆ. ಆಫೀಸಿನಿಂದ ಬರುವಾಗ ನಾವು ದರ್ಶಿನಿಯ ಮುಂದೆ ನಿಂತು ಬೈಟು ಕಾಫಿ ಕುಡಿಯುತ್ತೇವಲ್ಲ, ಹಾಗೆ ಅವರು ಅಲ್ಲಿ ಕಾರು ನಿಲ್ಲಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಇಂಥ ಅಂಗಡಿಗಳು ಊರೂರಲ್ಲಿ ಎದ್ದವು. 2015ರಲ್ಲಿ ‘ಡರ್ಟಿ’ ಅನ್ನುವ ಪದ ಯಾರದ್ದು ಅಂತ ಸ್ವಿಗ್ ಮತ್ತು ಸೋಡಾಲಿಶಿಯಸ್ ಅಂಗಡಿಗಳು ಕೋರ್ಟಿಗೂ ಹೋದವು.

ಸಿಹಿಯ ವಿಷಯ ಬಂದ ಮೇಲೆ ಜೆಲ್ಲೊ ಬಿಡುವ ಹಾಗಿಲ್ಲ. ಪ್ಯಾಕೆಟ್ ಪುಡಿಯಿಂದ ಮಾಡುವ, ಅಲುಗಾಡುವ, ಬಣ್ಣಬಣ್ಣದ ಆ ಸಿಹಿಯೇ. ಅದರಲ್ಲೂ ಹಸಿರು ಜೆಲ್ಲೊ, ಒಳಗೆ ತುರಿದ ಕ್ಯಾರೆಟ್. ಕೇಳಿದರೆ ವಿಚಿತ್ರ ಅನ್ನಿಸಬಹುದು, ಆದರೆ ದೊಡ್ಡ ಸಂಸಾರ, ಚಿಕ್ಕ ಖರ್ಚು, ಭಾನುವಾರದ ಕೂಟಕ್ಕೆ ಒಂದು ಪಾತ್ರೆ ತುಂಬ ಏನಾದರೂ ಒಯ್ಯಬೇಕು, ಅಂಥ ಮನೆಗೆ ಇದಕ್ಕಿಂತ ಸುಲಭದ ತಿಂಡಿ ಇನ್ನೇನಿದೆ? 2001ರಲ್ಲಿ ಯೂಟಾದ ಶಾಸನಸಭೆಯೇ ಠರಾವು ಹೊರಡಿಸಿ ಜೆಲ್ಲೊವನ್ನು ರಾಜ್ಯದ ಮೆಚ್ಚಿನ ತಿಂಡಿ ಅಂತ ಸಾರಿತು. ಮರುವರ್ಷ ಸಾಲ್ಟ್ ಲೇಕ್ ಸಿಟಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಹಸಿರು ಜೆಲ್ಲೊ ಚಿತ್ರದ ಪಿನ್ನಿಗೆ ಜನ ಮುಗಿಬಿದ್ದರು. (ಶುದ್ಧ ಸಸ್ಯಾಹಾರಿಗಳು ಗಮನಿಸಿ, ಇದರಲ್ಲಿರುವ ಜೆಲಾಟಿನ್ ಪ್ರಾಣಿಮೂಲದ್ದು.)

ಬೇಡ ಅಂದದ್ದರ ಪಟ್ಟಿಯಲ್ಲಿ ಕುಣಿತ ಇಲ್ಲ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆ ಕಾಲದ ಅಮೆರಿಕದಲ್ಲಿ ಕುಣಿಯುವುದು, ಪಿಟೀಲು ಬಾರಿಸುವುದು ಪಾಪ ಅಂತ ಸಾರುತ್ತಿದ್ದ ಪಂಥಗಳು ಹಲವಿದ್ದವು. ಇವರಲ್ಲಿ ಅದು ಉಲ್ಟಾ. 1847ರ ಜನವರಿಯಲ್ಲಿ, ಊರು ಬಿಟ್ಟು ಚಳಿಯಲ್ಲಿ ಬೀಡುಬಿಟ್ಟಿದ್ದಾಗ, ಬ್ರಿಗಮ್ ಯಂಗ್ ಕೊಟ್ಟ ದೇವವಾಣಿಯಲ್ಲೇ ಒಂದು ಮಾತಿದೆ. ಖುಷಿಯಾದರೆ ಹಾಡಿ, ಬಾಜಾ ಬಾರಿಸಿ, ಕುಣಿದು ದೇವರನ್ನು ಕೊಂಡಾಡಿ ಅಂತ. ಧರ್ಮಗ್ರಂಥದಲ್ಲೇ ಕುಣಿತಕ್ಕೆ ಅಪ್ಪಣೆ! ಅದಕ್ಕೂ ಒಂದು ವರ್ಷ ಮೊದಲು, ಅಯೋವಾದ ಕೆಸರಿನಲ್ಲಿ ಬಂಡಿ ಎಳೆಯುತ್ತಾ ಹೋಗುವಾಗಲೂ ಅವರ ಜೊತೆ ಒಂದು ಹಿತ್ತಾಳೆ ವಾದ್ಯದ ತಂಡವಿತ್ತು. ದಾರಿಯ ಹಳ್ಳಿಗಳಲ್ಲಿ ಕಚೇರಿ ಮಾಡಿ ಹಣ, ದವಸ ಸಂಪಾದಿಸುತ್ತಿದ್ದರು. ಸಂಜೆ ಬೀಡಿನಲ್ಲಿ ಬೆಂಕಿ ಹಚ್ಚಿ ಕುಣಿಯುತ್ತಿದ್ದರು. ಮರಳುಗಾಡಿಗೆ ಬಂದು ಕೇವಲ 15 ವರ್ಷಕ್ಕೆ, 1862ರಲ್ಲಿ, ಸಾಲ್ಟ್ ಲೇಕ್‌ನಲ್ಲಿ ದೊಡ್ಡದೊಂದು ನಾಟಕಶಾಲೆ ಕಟ್ಟಿದರು. ಅಷ್ಟು ಹೊತ್ತಿಗೆ ಅವರ ಮುಖ್ಯ ದೇವಾಲಯವೇ ಇನ್ನೂ ಮುಗಿದಿರಲಿಲ್ಲ. ಅದು ಮುಗಿದದ್ದು 1893ರಲ್ಲಿ.

ಇವತ್ತಿಗೂ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಬಾಲ್‌ರೂಮ್ ನೃತ್ಯ ತಂಡ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಸ್ಪರ್ಧೆಗೆ ಹೋಗಿ ಗೆದ್ದು ಬರುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಅತಿ ಕಡಿಮೆ ಕುಡಿಯುವ ಕಾಲೇಜು ಯಾವುದು ಅನ್ನುವ ಪಟ್ಟಿಯಲ್ಲಿ ಇದೇ ವಿಶ್ವವಿದ್ಯಾಲಯ ಇಪ್ಪತ್ತಕ್ಕೂ ಹೆಚ್ಚು ವರ್ಷ ಸತತವಾಗಿ ಮೊದಲ ಸ್ಥಾನದಲ್ಲಿದೆ. ಅಲ್ಲಿನ ಹುಡುಗರು ಅದನ್ನು ಆಚರಿಸುವುದು ಕ್ಯಾಂಪಸ್ಸಿನ ಡೈರಿಯ ಚಾಕೊಲೇಟ್ ಹಾಲು ಕುಡಿದು.

ಹಾಡಿನ ಬಗ್ಗೆ ಒಂದು ಚಿತ್ರ ಹೇಳಲೇಬೇಕು. ಸಾಲ್ಟ್ ಲೇಕ್‌ನ ಟ್ಯಾಬರ್ನಾಕಲ್ ಕಾಯರ್ ಅಂದರೆ 360 ಜನರ ಗಾಯಕವೃಂದ, ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. 1929ರ ಜುಲೈ 15ರಂದು ಇವರ ರೇಡಿಯೊ ಕಾರ್ಯಕ್ರಮ ಮೊದಲ ಸಲ ಪ್ರಸಾರವಾಯಿತು. ಇದ್ದದ್ದು ಒಂದೇ ಮೈಕು, ಅದೂ ಚಾವಣಿಯಿಂದ ಇಳಿಬಿಟ್ಟದ್ದು. ಆರ್ಗನ್ ನುಡಿಸುವವರ 19 ವರ್ಷದ ಮಗ ಎತ್ತರದ ಏಣಿಯ ತುದಿಯಲ್ಲಿ ನಿಂತು, ಅದೇ ಮೈಕಿಗೆ ಬಾಯಿಟ್ಟು ಇಡೀ ಕಾರ್ಯಕ್ರಮವನ್ನು ನಿರೂಪಿಸಿದ. ಆ ಕಾರ್ಯಕ್ರಮ ಇಂದಿಗೂ ವಾರ ವಾರ ನಡೆಯುತ್ತಿದೆ.

ಆದರೆ ನಿಜವಾದ ಗುಟ್ಟು ಇರುವುದು ‘ವಾರ್ಡ್’ನಲ್ಲಿ. ನಮ್ಮಲ್ಲಿ ವಾರ್ಡ್ ಅಂದರೆ ಕಾರ್ಪೊರೇಷನ್ ವಾರ್ಡ್. ಅಲ್ಲಿ ವಾರ್ಡ್ ಅಂದರೆ ಒಂದು ಕೇರಿಯ ಚರ್ಚ್ ಬಳಗ. ನಿಮಗೆ ಇಷ್ಟವಾದ ಚರ್ಚ್‌ಗೆ ಹೋಗುವ ಹಾಗಿಲ್ಲ, ಮನೆ ಎಲ್ಲಿದೆಯೋ ಅದೇ ನಿಮ್ಮ ವಾರ್ಡ್. ಹಾಗಾಗಿ ಡಾಕ್ಟರು, ಪ್ಲಂಬರು, ಕಾಲೇಜು ಹುಡುಗ, ವಿಧವೆ ಅಜ್ಜಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಸಂಬಳದ ಪಾದ್ರಿ ಇಲ್ಲ. ವಾರ್ಡಿನ ಮುಖ್ಯಸ್ಥನನ್ನು ಬಿಷಪ್ ಅನ್ನುತ್ತಾರೆ, ವಾರದ ದಿನಗಳಲ್ಲಿ ಆತ ಹಲ್ಲಿನ ಡಾಕ್ಟರೋ ಮೇಷ್ಟ್ರೋ ಆಗಿರುತ್ತಾನೆ, ಸುಮಾರು ಐದು ವರ್ಷ ಆ ಹೊಣೆ ಹೊತ್ತು ಮತ್ತೆ ಎಲ್ಲರ ಹಾಗೆ ಬೆಂಚಿಗೆ ಬಂದು ಕೂರುತ್ತಾನೆ. ಉಳಿದವರಿಗೂ ಬಿಡುವಿಲ್ಲ. ಒಬ್ಬರಿಗೆ ಪಿಯಾನೊ, ಒಬ್ಬರಿಗೆ ಮಕ್ಕಳ ತರಗತಿ, ಒಬ್ಬರಿಗೆ ಹುಡುಗರ ಕ್ಯಾಂಪು, ಒಬ್ಬರಿಗೆ ಪಾರ್ಟಿ ಸಮಿತಿ. ಇದನ್ನು ‘ಕಾಲಿಂಗ್’ ಅನ್ನುತ್ತಾರೆ, ಅಂದರೆ ಕರೆ. ಭಾನುವಾರದ ಪ್ರವಚನವನ್ನೂ ಸದಸ್ಯರೇ ಸರದಿಯಲ್ಲಿ ಮಾಡಬೇಕು, ಹದಿಹರೆಯದ ಹುಡುಗಿಯೂ ಎದ್ದು ನಿಂತು ಮಾತಾಡಬೇಕು. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ, ಉಳಿದ ಊಟದ ದುಡ್ಡು ಬಡವರಿಗೆ. ಆ ದಿನ ವೇದಿಕೆ ಎಲ್ಲರಿಗೂ ತೆರೆದಿರುತ್ತದೆ. ಪುಟ್ಟ ಮಕ್ಕಳು ಮೈಕಿನ ಮುಂದೆ ನಿಂತು ತಮಗೆ ತೋಚಿದ್ದನ್ನು ಹೇಳುತ್ತಾರೆ, ದೊಡ್ಡವರು ನಗು ತಡೆದುಕೊಳ್ಳುತ್ತಾರೆ.

ಊರಿನಲ್ಲಿ ರಾಮನವಮಿ ಉತ್ಸವಕ್ಕೋ ಗಣೇಶೋತ್ಸವಕ್ಕೋ ದುಡಿದವರಿಗೆ ಇದು ಗೊತ್ತು. ಪೆಂಡಾಲಿನ ಹೊರಗೆ ನಿಂತು ನೋಡುವವನಿಗಿಂತ ಕೋಸಂಬರಿ ಬೆರೆಸಿದವನಿಗೇ ಹಬ್ಬ ಜಾಸ್ತಿ ಹತ್ತಿರ. ಮಾರ್ಮನ್ ವಾರ್ಡ್ ವರ್ಷಪೂರ್ತಿ ಎಲ್ಲರ ಕೈಗೂ ಒಂದೊಂದು ಸೌಟು ಕೊಟ್ಟಿರುತ್ತದೆ.

ಚರ್ಚ್ ಕಟ್ಟಡವೇ ಇದಕ್ಕೆ ಸಾಕ್ಷಿ. ಪ್ರಾರ್ಥನಾ ಹಾಲ್‌ನ ಹಿಂದೆ ಇನ್ನೊಂದು ದೊಡ್ಡ ಹಾಲ್, ಅದರಲ್ಲಿ ಬಾಸ್ಕೆಟ್‌ಬಾಲ್ ಅಂಕಣ, ಎರಡೂ ಕಡೆ ಬುಟ್ಟಿ, ಹಲವು ಕಡೆ ನಾಟಕದ ವೇದಿಕೆಯೂ ಉಂಟು. ಭಾನುವಾರ ಜನ ಹೆಚ್ಚಾದರೆ ನಡುವಿನ ತಡಿಕೆ ಸರಿಸುತ್ತಾರೆ, ಹಿಂದೆ ಕೂತವರು ಪ್ರಾರ್ಥನೆ ಮಾಡುವುದು ಬುಟ್ಟಿಯ ಕೆಳಗೆ. ವಾರದ ಮಧ್ಯೆ ಅದೇ ಜಾಗದಲ್ಲಿ ಪಂದ್ಯ. ಪಂದ್ಯ ಶುರುವಾಗುವುದೂ ಪ್ರಾರ್ಥನೆಯಿಂದಲೇ. ‘ಪ್ರಾರ್ಥನೆಯಿಂದ ಶುರುವಾಗುವ ಜಗಳ’ ಅಂತ ಅವರೇ ತಮ್ಮ ಚರ್ಚ್ ಬಾಸ್ಕೆಟ್‌ಬಾಲ್‌ಗೆ ಹೆಸರಿಟ್ಟಿದ್ದಾರೆ. ಮದುವೆಯ ಆರತಕ್ಷತೆ ಕೂಡ ಎಷ್ಟೋ ಸಲ ಆ ಬುಟ್ಟಿಗಳಿಗೆ ಬಟ್ಟೆ, ದೀಪದ ಸರ ಕಟ್ಟಿ ಅಲ್ಲೇ ನಡೆಯುತ್ತದೆ.

ಒಂದು ಮನೆಯವರು ಮನೆ ಬದಲಿಸುತ್ತಿದ್ದಾರೆ ಅಂದರೆ ಶನಿವಾರ ಬೆಳಿಗ್ಗೆ ವಾರ್ಡಿನ ಗಂಡಸರು ಬಂದು ಸೋಫಾ ಹೊರುತ್ತಾರೆ. ಮಗು ಹುಟ್ಟಿದರೆ ಹೆಂಗಸರು ಕಾಗದವೊಂದನ್ನು ಸುತ್ತಿಸಿ, ಯಾರು ಯಾವ ದಿನ ಊಟ ಕಳಿಸುವುದು ಅಂತ ಬರೆದುಕೊಳ್ಳುತ್ತಾರೆ. ಈ ಹೆಂಗಸರ ಸಂಘದ ಹೆಸರು ರಿಲೀಫ್ ಸೊಸೈಟಿ, ಹುಟ್ಟಿದ್ದು 1842ರಲ್ಲಿ, ಮೊದಲ ಅಧ್ಯಕ್ಷೆ ಜೋಸೆಫ್ ಸ್ಮಿತ್‌ನ ಹೆಂಡತಿ ಎಮ್ಮಾ. ಇವರ ಕೈಯಿಂದಲೇ ಅತಿ ಪ್ರಸಿದ್ಧವಾದ ಒಂದು ಅಡುಗೆ ಇದೆ, ‘ಫ್ಯೂನರಲ್ ಪೊಟೇಟೋಸ್’. ಅಂದರೆ ಸಾವಿನ ಮನೆಯ ಆಲೂಗಡ್ಡೆ. ತುರಿದ ಆಲೂಗಡ್ಡೆಗೆ ಡಬ್ಬಿಯ ಗಟ್ಟಿ ಚಿಕನ್ ಸೂಪು, ಹುಳಿ ಕೆನೆ, ಚೀಸ್ ಬೆರೆಸಿ, ಮೇಲೆ ಪುಡಿ ಮಾಡಿದ ಕಾರ್ನ್‌ಫ್ಲೇಕ್ಸ್ ಮತ್ತು ಬೆಣ್ಣೆ ಉದುರಿಸಿ ಒಲೆಯೊಳಗೆ ಬೇಯಿಸಿದರೆ ಆಯಿತು. ಸಾವಾದ ಮನೆಯಲ್ಲಿ ನಮ್ಮ ಕಡೆ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ತಂದು ಬಲವಂತ ಮಾಡಿ ಉಣ್ಣಿಸುತ್ತಾರೆ. ಅಲ್ಲಿ ಆ ಕೆಲಸ ಮಾಡುವುದು ಈ ಆಲೂಗಡ್ಡೆ. ಅದು ಹಬ್ಬಕ್ಕೂ ಬರುತ್ತದೆ, ಕ್ರಿಸ್‌ಮಸ್ಸಿಗೂ ಬರುತ್ತದೆ, ಆದರೆ ಹೆಸರು ಮಾತ್ರ ಬದಲಾಗಿಲ್ಲ. ಬಿಸಿಯಾದ, ಹೊಟ್ಟೆ ತುಂಬುವ, ಯಾರೋ ನಮಗಾಗಿ ಮಾಡಿಕೊಂಡು ಬಂದ ಊಟ ಅನ್ನುವ ನೆನಪೇ ಆ ಹೆಸರಿನಲ್ಲಿ ಕೂತುಬಿಟ್ಟಿದೆ.

ಮನೆಯೊಳಗಿನ ಮೋಜಿಗೂ ಒಂದು ದಿನ ಗೊತ್ತುಮಾಡಿದ್ದಾರೆ. ಸೋಮವಾರ ಸಂಜೆ. 1915ರಲ್ಲಿ ಚರ್ಚ್ ಹಿರಿಯರು ವಾರಕ್ಕೆ ಒಂದು ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂರಿ ಅಂತ ಹೇಳಿದರು, ಕ್ರಮೇಣ ಅದು ಸೋಮವಾರಕ್ಕೆ ನಿಂತಿತು. ಒಂದು ಹಾಡು, ಸಣ್ಣ ಪಾಠ, ಆಮೇಲೆ ಆಟ, ಕೊನೆಗೆ ಏನಾದರೂ ಸಿಹಿ. ಎಷ್ಟೋ ಮನೆಗಳಲ್ಲಿ ಗೋಡೆಗೆ ಒಂದು ಪಟ್ಟಿ ತೂಗುಹಾಕಿರುತ್ತಾರೆ, ಈ ವಾರ ಪಾಠ ಯಾರದ್ದು, ಆಟ ಯಾರದ್ದು, ಸಿಹಿ ಯಾರದ್ದು ಅಂತ. ನಾಲ್ಕು ವರ್ಷದ ಮಗುವಿಗೂ ಒಂದು ಕೆಲಸ. ಇಲ್ಲೂ ಅದೇ ಸೌಟಿನ ಲೆಕ್ಕ.

ವರ್ಷದ ಹಬ್ಬಗಳ ಪೈಕಿ ಜುಲೈ 24 ದೊಡ್ಡದು. ಬ್ರಿಗಮ್ ಯಂಗ್ ಕಣಿವೆಗೆ ಬಂದ ದಿನ, ಯೂಟಾದಲ್ಲಿ ಸರ್ಕಾರಿ ರಜೆ. ಮೆರವಣಿಗೆ, ಕುದುರೆ ಆಟ, ಪಟಾಕಿ. ಮುಂದಿನ ಸಾಲಿನ ಜಾಗಕ್ಕಾಗಿ ಹಿಂದಿನ ರಾತ್ರಿಯೇ ಫುಟ್‌ಪಾತಿನಲ್ಲಿ ಹಾಸಿಗೆ ಹಾಸಿ ಮಲಗುವ ಕುಟುಂಬಗಳಿವೆ. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಎರಡು ದಿನದ ಮಹಾಸಭೆ ಇರುತ್ತದೆ, ಗಂಟೆಗಟ್ಟಲೆ ಪ್ರವಚನ. ಬಹಳ ಮನೆಗಳಲ್ಲಿ ಅದನ್ನು ಮಲಗುವ ಬಟ್ಟೆಯಲ್ಲೇ ಟಿವಿ ಮುಂದೆ ಕೂತು ನೋಡುತ್ತಾರೆ, ಜೊತೆಗೆ ಒಲೆಯಿಂದ ಈಗಷ್ಟೇ ತೆಗೆದ ದಾಲ್ಚಿನ್ನಿ ಬನ್ನು. ಮಕ್ಕಳಿಗೆ ಬೇಸರವಾಗದಿರಲಿ ಅಂತ ಬಿಂಗೊ ಹಾಳೆ ಕೊಡುತ್ತಾರೆ. ಪ್ರವಚನದಲ್ಲಿ ‘ದೇವಾಲಯ’, ‘ಪ್ರಾರ್ಥನೆ’ ಅಂತ ಪದ ಬಂದಾಗಲೆಲ್ಲ ಒಂದು ಮನೆ ತುಂಬಬೇಕು.

ಆ ಬಿಳಿ ಅಂಗಿಯ ಹುಡುಗರ ಕಡೆಗೆ ಈಗ ಬರೋಣ. ಅವರು ಓಡಾಡುವುದು ಧರ್ಮಪ್ರಚಾರಕ್ಕೆ. ಹುಡುಗರು 18ಕ್ಕೆ ಹೊರಡಬಹುದು, ಎರಡು ವರ್ಷ. ಹುಡುಗಿಯರದ್ದು 18 ತಿಂಗಳು. ಸಂಬಳ ಇಲ್ಲ, ಖರ್ಚನ್ನು ತಾವೋ ಮನೆಯವರೋ ಹೊರಬೇಕು. ಎಲ್ಲಿಗೆ ಹೋಗುವುದು ಅಂತ ಅವರು ಆರಿಸುವ ಹಾಗಿಲ್ಲ. ಅದಕ್ಕೇ ಆ ಆದೇಶ ತೆರೆಯುವ ಕ್ಷಣ ಒಂದು ಹಬ್ಬ. ಅಜ್ಜ ಅಜ್ಜಿ, ಗೆಳೆಯರು, ನೆರೆಯವರು ಮನೆಯಲ್ಲಿ ಕಿಕ್ಕಿರಿದು ಸೇರುತ್ತಾರೆ. ಗೋಡೆಯ ಭೂಪಟದ ಮೇಲೆ ಒಬ್ಬೊಬ್ಬರೂ ತಮ್ಮ ಊಹೆಯ ಚೀಟಿ ಅಂಟಿಸುತ್ತಾರೆ. ಹುಡುಗ ಗಟ್ಟಿಯಾಗಿ ಓದುತ್ತಾನೆ, ಊರಿನ ಹೆಸರು ಬಂದ ತಕ್ಷಣ ಇಡೀ ಮನೆ ಕಿರುಚುತ್ತದೆ. ಐಡಾಹೊದ ಆಲೂಗಡ್ಡೆ ಹೊಲದ ಹುಡುಗನಿಗೆ ಫಿಲಿಪೀನ್ಸ್ ಬಂದರೆ, ಎರಡು ವರ್ಷದ ನಂತರ ಅವನು ಟಗಾಲಾಗ್ ಮಾತಾಡುತ್ತಾ, ಅಲ್ಲಿನ ಅಡುಗೆಗೆ ಹಂಬಲಿಸುತ್ತಾ ಮನೆಗೆ ಬರುತ್ತಾನೆ. ಸಣ್ಣ ಊರುಗಳ ಜನಕ್ಕೆ ದೂರ ದೇಶದ ಭಾಷೆ ಗೊತ್ತಿರುವುದು ಹೀಗೆ.

ಆ ಚೀಟಿಗಳಲ್ಲಿ ಬೆಂಗಳೂರೂ ಬರುತ್ತದೆ. ಬೆಂಗಳೂರಿನಲ್ಲಿ ಇವರ ಮಿಷನ್ 1993ರಿಂದ ಇದೆ. ಭಾರತದ ಮೊದಲ ಮಾರ್ಮನ್ ದೇವಾಲಯಕ್ಕೂ ಆರಿಸಿದ ಊರು ಬೆಂಗಳೂರೇ. 2018ರ ಏಪ್ರಿಲ್ ಮಹಾಸಭೆಯಲ್ಲಿ ಆ ಹೆಸರು ಹೇಳಿದಾಗ ಸಭಾಂಗಣದಲ್ಲಿ ಜನ ಅಚ್ಚರಿಯಿಂದ ಉಸಿರೆಳೆದುಕೊಂಡದ್ದು ಕೇಳಿಸುತ್ತದೆ. 2020ರ ಡಿಸೆಂಬರ್‌ನಲ್ಲಿ ಗುದ್ದಲಿಪೂಜೆಯೂ ಆಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಮುಚ್ಚಿಡಬಾರದು. ಬಹುಪತ್ನಿತ್ವವನ್ನು ಚರ್ಚ್ ಕೈಬಿಡಲು ಶುರುಮಾಡಿದ್ದು 1890ರಲ್ಲಿ. ಕಪ್ಪು ಜನಾಂಗದ ಗಂಡಸರಿಗೆ ಪೌರೋಹಿತ್ಯ ಸಿಕ್ಕಿದ್ದು 1978ರಲ್ಲಿ. ಹೆಂಗಸರಿಗೆ ಇಂದಿಗೂ ಇಲ್ಲ. ಸಲಿಂಗಿಗಳಿಗೆ, ಮದುವೆಯಾಗದವರಿಗೆ, ನಂಬಿಕೆ ಸಡಿಲವಾದವರಿಗೆ ಆ ಬಿಗಿಯಾದ ಬಳಗದಲ್ಲಿ ಉಸಿರು ಕಟ್ಟುತ್ತದೆ, ಹೊರಗೆ ಹೋದರೆ ಸ್ವಂತ ಮನೆಯವರೇ ದೂರವಾಗುವುದೂ ಉಂಟು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನ ಕಷ್ಟ ಇದು, ನಮಗೂ ಗೊತ್ತಿರುವಂಥದ್ದೇ. ಆದರೂ ಚರ್ಚ್ ಬಿಟ್ಟುಹೋದ ಎಷ್ಟೋ ಜನ ಆಲೂಗಡ್ಡೆಯನ್ನು, ಹಾಡನ್ನು, ಸೋಫಾ ಹೊರಲು ಬರುವ ಆ ಹತ್ತು ಜನರನ್ನು ನೆನೆಯುತ್ತಾರೆ.

ಕೊನೆಗೆ ನನಗೆ ಅತಿ ಇಷ್ಟವಾದದ್ದು, ವಂಶಾವಳಿಯ ಹುಚ್ಚು. ಕುಟುಂಬದ ನಂಟು ಸಾವಿನ ನಂತರವೂ ಮುಂದುವರಿಯುತ್ತದೆ, ಸತ್ತ ಹಿರಿಯರ ಪರವಾಗಿ ದೇವಾಲಯದಲ್ಲಿ ಸಂಸ್ಕಾರಗಳನ್ನು ಮಾಡಬಹುದು ಅಂತ ಇವರು ನಂಬುತ್ತಾರೆ. ಸಂಸ್ಕಾರ ಮಾಡಬೇಕಾದರೆ ಹಿರಿಯರ ಹೆಸರು ಗೊತ್ತಿರಬೇಕಲ್ಲ? ಅದಕ್ಕೆ 1894ರಲ್ಲೇ ಒಂದು ಸಂಘ ಕಟ್ಟಿದರು, 1938ರಿಂದ ಜಗತ್ತಿನ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಲು ಹೊರಟರು. ಆ ಫಿಲ್ಮುಗಳನ್ನು ಸಾಲ್ಟ್ ಲೇಕ್ ಹತ್ತಿರದ ಗ್ರಾನೈಟ್ ಬೆಟ್ಟವೊಂದನ್ನು ಕೊರೆದು, ಅದರೊಳಗಿನ ಕೋಣೆಗಳಲ್ಲಿ ಇಟ್ಟಿದ್ದಾರೆ. ಅಷ್ಟು ಗಂಭೀರವಾದ ಕೆಲಸವೂ ಅವರ ಕೈಯಲ್ಲಿ ಆಟವಾಗಿದೆ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ‘ರಿಲೇಟಿವ್ ಫೈಂಡರ್’ ಅಂತ ಒಂದು ತಂತ್ರಾಂಶ ಮಾಡಿದ್ದಾರೆ. ತರಗತಿಯಲ್ಲಿ ಪಕ್ಕದಲ್ಲಿ ಕೂತವನು ನಿಮಗೆ ಎಷ್ಟನೇ ತಲೆಮಾರಿನ ದಾಯಾದಿ ಅಂತ ಅದು ಹೇಳುತ್ತದೆ.

‘ಫ್ಯಾಮಿಲಿಸರ್ಚ್’ ಅನ್ನುವ ಇವರ ತಾಣ ಯಾವ ಧರ್ಮದವರಿಗಾದರೂ ಉಚಿತ. ಅದರಲ್ಲಿ ಹಿಂದೂ ಯಾತ್ರಾ ದಾಖಲೆಗಳ ಒಂದು ಸಂಗ್ರಹವೇ ಇದೆ. ಹರಿದ್ವಾರದಂಥ ಕ್ಷೇತ್ರಗಳಲ್ಲಿ ಪಂಡರು, ಅಂದರೆ ಅಲ್ಲಿನ ಪುರೋಹಿತರು, ಯಾತ್ರೆಗೆ ಬಂದ ಮನೆತನದವರನ್ನು ಕೂರಿಸಿಕೊಂಡು ಅಪ್ಪ, ಅಜ್ಜ, ಮುತ್ತಜ್ಜರ ಹೆಸರು ಕೇಳಿ ಕೇಳಿ ಬರೆದಿಟ್ಟ ಉದ್ದನೆಯ ದಾಖಲೆ ಪುಸ್ತಕಗಳು, ಪುಟ ಪುಟವಾಗಿ ಫೋಟೊ ತೆಗೆದವು. ಶೀರ್ಷಿಕೆಯಲ್ಲಿ ಶುರುವಿನ ವರ್ಷ 1194 ಅಂತ ಇದೆ. ಒಂದು ಖಾತೆ ತೆರೆದು ಒಳಗೆ ಹೋದರೆ ಸಾಕು, ಗಂಗೆಯ ದಡದಲ್ಲಿ ಯಾರೋ ಕೂತು ಬರೆದ ಆ ಕೈಬರಹ ಪರದೆಯ ಮೇಲೆ ಬರುತ್ತದೆ.